ಮನೆಶಾಲೆಗೆ ಮೊದಲು ಹೆಸರು, ಆಮೇಲೆ ಭಾಷೆ

ಮಗುವಿಗೆ ಮನೆಯಲ್ಲೇ ಕಲಿಸಬೇಕೆಂದು ಹೊರಟವರು ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಮೊದಲು ಕೇಳುವುದು ‘ಯಾವ ಸಿಲಬಸ್?’ ಎಂದು. ಪುಣೆಯ ಕನ್ನಡಿಗರೂ ಅದನ್ನೇ ಕೇಳುತ್ತಾರೆ. ನನ್ನ ಪ್ರಕಾರ ಇಲ್ಲಿ ಪುಣೆಯಲ್ಲಿ ಅದು ಮೂರನೆಯ ಪ್ರಶ್ನೆ. ಮಗುವಿನ ಹೆಸರು ಕಾಗದಗಳಲ್ಲಿ ಹೇಗಿದೆ ಎನ್ನುವುದು ಮೊದಲನೆಯದು. ಪಾಠ ಯಾವ ಭಾಷೆಯಲ್ಲಿ ನಡೆಯಬೇಕು ಎನ್ನುವುದು ಎರಡನೆಯದು. ಇವೆರಡೂ ಇತ್ಯರ್ಥವಾಗದೆ ಪುಸ್ತಕ ಕೊಂಡವರು ಹತ್ತನೇ ತರಗತಿಯ ಹೊತ್ತಿಗೆ ಪೇಚಾಡುತ್ತಾರೆ.

ಕಾನೂನಿನ ಮಾತು ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳಿಗೆ ಒಂದೇ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಅದರ 10ನೇ ಕಲಮು ಹೇಳುತ್ತದೆ. ಸೇರಿಸದಿದ್ದರೆ ಪೋಷಕರಿಗೆ ಇಂಥ ಶಿಕ್ಷೆ ಎಂದು ಅದರಲ್ಲಿ ಎಲ್ಲೂ ಹೇಳಿಲ್ಲ. ಮನೆಶಾಲೆಗೆ ಆ ಕಾಯ್ದೆಯಲ್ಲಿ ಹೆಸರು ಹಿಡಿದು ಕೊಟ್ಟ ಅನುಮತಿಯೂ ಇಲ್ಲ, ನಿಷೇಧವೂ ಇಲ್ಲ. 4ನೇ ಕಲಮಿನ ಪ್ರಕಾರ, ಶಾಲೆಯ ಹೊರಗಿದ್ದ ಮಗು ಮರಳಿ ಬಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಾಗಾಗಿ ಒಂದು ವರ್ಷ ಮಾಡಿ ನೋಡಿ, ಹೊಂದದಿದ್ದರೆ ಶಾಲೆಗೆ ಮರಳಬಹುದು. ಮಹಾರಾಷ್ಟ್ರದಲ್ಲಿ ‘ಶಾಳಾಬಾಹ್ಯ’, ಅಂದರೆ ಶಾಲೆಯ ಹೊರಗಿರುವ, ಮಕ್ಕಳ ಸಮೀಕ್ಷೆಗೆ ಶಿಕ್ಷಕರು ಮನೆಬಾಗಿಲಿಗೆ ಬರುವುದುಂಟು. ಅವರೊಡನೆ ವಾದ ಬೇಡ. ಜನನ ಪ್ರಮಾಣಪತ್ರ, ಮಗು ಬರೆದ ಹಾಳೆಗಳನ್ನು ತಾರೀಖು ಹಾಕಿ ಕಟ್ಟಿದ ಒಂದು ಫೈಲು ತೋರಿಸಿದರೆ ಮಾತುಕತೆ ಹಗುರಾಗುತ್ತದೆ.

ಈಗ ಹೆಸರಿನ ವಿಚಾರ. ಮಹಾರಾಷ್ಟ್ರದ ಫಾರ್ಮುಗಳಿಗೆ ಆಡನಾವ (ಮನೆತನದ ಹೆಸರು), ಮಗುವಿನ ಹೆಸರು, ತಂದೆಯ ಹೆಸರು ಈ ಕ್ರಮದಲ್ಲಿ ಬೇಕು. ತಾಯಿಯ ಹೆಸರಿಗೆ ಬೇರೆಯೇ ಕಾಲಂ. ನಮ್ಮಲ್ಲಿ, ಅದರಲ್ಲೂ ಹಳೆ ಮೈಸೂರಿನ ಕಡೆ, ಕೆ.ಆರ್. ಸುಹಾಸ್ ಎಂಬಂಥ ಹೆಸರುಗಳು: ‘ಕೆ’ ಊರಿನದು, ‘ಆರ್’ ತಂದೆಯದು. ಇಲ್ಲಿನ ಗುಮಾಸ್ತರು ಖಾಲಿ ಬಿಟ್ಟ ಕಾಲಮಿಗೆ ಏನಾದರೊಂದು ತುಂಬುತ್ತಾರೆ. ಆಧಾರ್‌ನಲ್ಲಿ ಒಂದು ರೂಪ, ಜನನ ಪತ್ರದಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು. ಶಾಲೆಗೆ ಹೋಗುವ ಮಗುವಿಗಾದರೆ ಈ ಗೊಂದಲವನ್ನು ಶಾಲೆಯವರೇ ಹೇಗೋ ನಿಭಾಯಿಸುತ್ತಾರೆ. ಮನೆಶಾಲೆಯ ಮಗುವಿಗೆ ಹಾಗೆ ನಿಭಾಯಿಸುವವರು ಯಾರೂ ಇಲ್ಲ. ಆದ್ದರಿಂದ ಇನಿಷಿಯಲ್ ಬಿಡಿಸಿ ಬರೆದ ಒಂದೇ ರೂಪವನ್ನು ಗೊತ್ತುಮಾಡಿ, ಮೊದಲು ಜನನ ಪತ್ರ, ಅದರ ಆಧಾರದ ಮೇಲೆ ಆಧಾರ್ ಸರಿಪಡಿಸಿ. ಜನನ ಪತ್ರದಲ್ಲಿ ಮಗುವಿನ ಹೆಸರೇ ಇಲ್ಲದಿದ್ದರೆ ನೋಂದಣಿಯಾದ 15 ವರ್ಷದೊಳಗೆ ಸೇರಿಸಬಹುದು.

ಮಗು ಈಗಾಗಲೇ ಶಾಲೆಯಲ್ಲಿದ್ದರೆ ವರ್ಷದ ನಡುವೆ ಬಿಡಿಸಬೇಡಿ. ಫಲಿತಾಂಶ ಬಂದ ಮೇಲೆ ಬಿಡಿಸಿ. ನಾವು ಟಿ.ಸಿ. ಎನ್ನುವುದು ಇಲ್ಲಿ ಎಲ್.ಸಿ., ಮರಾಠಿಯಲ್ಲಿ ‘ದಾಖಲಾ’. ಅದನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಕೌಂಟರಿನಲ್ಲೇ ನಿಂತು ಹೆಸರಿನ ಕಾಗುಣಿತ, ಹುಟ್ಟಿದ ತಾರೀಖು, ಹುಟ್ಟಿದ ಊರು, ಮಾತೃಭಾಷೆಯ ಕಾಲಂ ಓದಿ. ಮಾತೃಭಾಷೆ ಎಂದಲ್ಲಿ ‘ಕನ್ನಡ’ ಇರಲೇಬೇಕು, ಇದು ಮುಂದೆ ಉಪಯೋಗಕ್ಕೆ ಬರುತ್ತದೆ. ಮಗುವಿನ ಪೆನ್ ನಂಬರನ್ನೂ, ಅಂದರೆ ಶಾಲಾ ಮಕ್ಕಳ ಕೇಂದ್ರ ದಾಖಲೆಯಾದ ಯೂಡೈಸ್‌ನಲ್ಲಿರುವ ಶಾಶ್ವತ ಶಿಕ್ಷಣ ಸಂಖ್ಯೆಯನ್ನೂ, ಬರೆಸಿಕೊಳ್ಳಿ. ಕರ್ನಾಟಕಕ್ಕೆ ಮರಳುವ ಯೋಚನೆ ಇದ್ದರೆ ಎಲ್.ಸಿ. ಮೇಲೆ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿಟ್ಟುಕೊಳ್ಳುವುದು ಒಳ್ಳೆಯದು.

ಭಾಷೆಗೆ ಬರೋಣ. ಕರ್ನಾಟಕದಲ್ಲಿ ಇಂಗ್ಲಿಷ್ ಮಾಧ್ಯಮದ ಮಗುವಿಗೂ ಶಾಲೆಯಲ್ಲಿ ಒಂದಿಷ್ಟು ಕನ್ನಡ ಬಿದ್ದೇ ಬೀಳುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಅದಕ್ಕೆಂದೇ ಇದೆ. ಮಹಾರಾಷ್ಟ್ರ 2020ರಲ್ಲಿ ಮರಾಠಿಗೆ ಅಂಥದೇ ಕಾಯ್ದೆ ತಂದಿತು, ಅದು ಅವರ ನ್ಯಾಯವಾದ ಹಕ್ಕು. ಆದರೆ ಪುಣೆಯ ಬಹುಪಾಲು ಶಾಲೆಗಳಲ್ಲಿ ನಮ್ಮ ಮಗುವಿನ ದಿನ ಇಂಗ್ಲಿಷ್, ಮರಾಠಿ, ಹಿಂದಿಗಳಲ್ಲೇ ತುಂಬಿಹೋಗಿ, ಕನ್ನಡ ಊಟದ ಹೊತ್ತಿನ ಭಾಷೆಯಾಗುತ್ತದೆ. ಹೊರನಾಡಿನಲ್ಲಿ ಮನೆಶಾಲೆಯ ದೊಡ್ಡ ಲಾಭವೇ ಇದು: ಗಣಿತವನ್ನೂ ಪರಿಸರವನ್ನೂ ಕನ್ನಡದಲ್ಲಿ ಕಲಿಸಬಹುದು. ಈ ಲಾಭ ಬಿಟ್ಟು, ಮೊದಲ ದಿನದಿಂದಲೇ ಪುಸ್ತಕ, ಸಾಮಗ್ರಿ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುವ ದುಬಾರಿ ಇಂಗ್ಲಿಷ್ ಪಠ್ಯ ತರಿಸುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಮರಾಠಿಯನ್ನೂ ಕೈಬಿಡಬಾರದು. ಅದನ್ನು ಪುಸ್ತಕದಿಂದ ಶುರುಮಾಡುವ ಅಗತ್ಯವಿಲ್ಲ. ತರಕಾರಿ ಕೊಳ್ಳುವ ಲೆಕ್ಕ, ಪಕ್ಕದ ಮನೆಯ ಆಜೋಬಾರ (ಅಜ್ಜನ) ಜೊತೆಗಿನ ಮಾತು, ಕೆಳಗಿನ ಅಂಗಳದ ಆಟ ಸಾಕು.

ಓದು ಕಲಿಸುವಾಗ ‘ಅ ಆ ಇ ಈ’ಯಿಂದ ಆರಂಭಿಸಿ ಐವತ್ತು ಅಕ್ಷರ ಮುಗಿಸುವ ತನಕ ಒಂದು ಪದವೂ ಓದಿಸದಿರುವುದು ಹಳೆಯ ರೂಢಿ. ಮಗುವಿಗೆ ಬೇಸರ ಬರುವುದೂ ಅಲ್ಲೇ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಕರ್ನಾಟಕದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಪದ್ಧತಿ ಬೇರೆ ದಾರಿ ಹಿಡಿಯಿತು. ಮೊದಲ ಗುಂಪು ರ, ಗ, ಸ, ದ, ಅ. ಐದೇ ಅಕ್ಷರ. ಅಷ್ಟರಲ್ಲೇ ಸರ, ದರ, ರಸ, ಅರಸ, ಅಗಸ, ಗರಗಸ ಓದಿಬಿಡಬಹುದು. ಮುಂದಿನ ಗುಂಪು ಜ, ವ, ಮ, ಬ, ನ ಸೇರಿದರೆ ಮರ, ಜನ, ನಗರ, ಬಸವ ಬರುತ್ತವೆ. ರಟ್ಟಿನ ಮೇಲೆ ಅಂಗೈ ಅಗಲದ ಕಾರ್ಡು ಮಾಡಿ, ಒಂದೊಂದು ಅಕ್ಷರಕ್ಕೆ ಮೂರು ಕಾರ್ಡು ಇರಲಿ. ‘ಗರಗಸ’ಕ್ಕೆ ‘ಗ’ ಎರಡು ಬೇಕಲ್ಲ! ದಿನಕ್ಕೆ 15 ನಿಮಿಷ, ಒಂದು ಗುಂಪಿಗೆ ಎರಡು ವಾರ.

ದೇವನಾಗರಿ ಮೊದಲೇ ಕಲಿತ ಮಗು ಕನ್ನಡದಲ್ಲಿ ಎಡವುವ ಜಾಗಗಳು ಗೊತ್ತಾಗಿಯೇ ಇವೆ. ಮರಾಠಿ ಬರಹದಲ್ಲಿ ಎ–ಏ, ಒ–ಓ ಎಂಬ ಬೇರೆ ಬೇರೆ ಅಕ್ಷರಗಳಿಲ್ಲ. ಹಾಗಾಗಿ ಬೆಳೆಯೂ ಬೇಳೆಯೂ ಒಂದೇ, ಕೊಡು–ಕೋಡು ಒಂದೇ. ಇದಕ್ಕೆ ಬರೆಸುವುದಕ್ಕಿಂತ ಕಿವಿಯ ಆಟ ಮದ್ದು: ಜೋಡಿ ಪದ ಹೇಳಿ, ದೀರ್ಘ ಕೇಳಿದಾಗ ಚಪ್ಪಾಳೆ ತಟ್ಟಿಸಿ. ಎರಡನೆಯದು ಒತ್ತಕ್ಷರ. ದೇವನಾಗರಿಯಲ್ಲಿ ಮೊದಲ ವ್ಯಂಜನ ಅರ್ಧವಾಗಿ, ಎರಡನೆಯದು ಪೂರ್ತಿಯಾಗಿ ನಿಲ್ಲುತ್ತದೆ; ಕನ್ನಡದಲ್ಲಿ ಮೊದಲನೆಯದು ಪೂರ್ತಿ, ಎರಡನೆಯದು ಕೆಳಗೆ. ಈ ತಿರುವು ಹೇಳಿಕೊಡದಿದ್ದರೆ ‘ಹಸ್ತ’ ಬರೆಯಲು ಹೋಗಿ ‘ಹತ್ಸ’ ಬರೆಯುತ್ತಾರೆ. ಅದು ಅಜಾಗ್ರತೆ ಅಲ್ಲ, ಬೈಯಬಾರದು.

ಲೆಕ್ಕದಲ್ಲಿ ಮಾತ್ರ ಕನ್ನಡ ಮಗುವಿನ ಪರ. ನಲವತ್ತೇಳು ಎಂದರೆ ಮೊದಲು ನಲವತ್ತು, ಆಮೇಲೆ ಏಳು, ಬರೆಯುವ ಕ್ರಮವೂ ಅದೇ. ಮರಾಠಿಯ ‘ಸತ್ತೇಚಾಳೀಸ’ದಲ್ಲಿ ಏಳು ಮೊದಲು, ‘ಏಕೋಣತೀಸ’ ಎಂದರೆ ಮೂವತ್ತಕ್ಕೆ ಒಂದು ಕಡಿಮೆ. 2019ರಲ್ಲಿ ಅಲ್ಲಿನ ಸರಕಾರಿ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ 21ರ ‘ಏಕವೀಸ’ವನ್ನು ‘ವೀಸ ಏಕ’ ಎಂದೂ ಓದುವ ಕ್ರಮ ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ನಮಗೆ ಅದು ಹುಟ್ಟಿನಿಂದಲೇ ದಕ್ಕಿದ್ದು. ನೂರರವರೆಗಿನ ಎಣಿಕೆ, ದಶಕ-ಬಿಡಿ, ಮಗ್ಗಿ ಇಷ್ಟನ್ನು ಕನ್ನಡದಲ್ಲಿ ಗಟ್ಟಿಮಾಡಿ. ಆಮೇಲೆ ಬೀದಿಯ ಮರಾಠಿ ಸಂಖ್ಯೆಗಳನ್ನು ಹಣದ ಜೊತೆ ಕಲಿಸಿ. ಎರಡನ್ನೂ ಒಟ್ಟಿಗೆ ತುರುಕಿದರೆ 47ರ ಜಾಗದಲ್ಲಿ 74 ಬರೆಯುವುದು ತಿಂಗಳುಗಟ್ಟಲೆ ನಿಲ್ಲುವುದಿಲ್ಲ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿರುವ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗಾಗಿ ಗಣಿತ, ವಿಜ್ಞಾನಗಳನ್ನೂ ಕನ್ನಡದಲ್ಲಿ ಅಚ್ಚು ಹಾಕುತ್ತದೆ, ಪಿಡಿಎಫ್ ಉಚಿತ. ಕರ್ನಾಟಕ ಪಠ್ಯಪುಸ್ತಕ ಸಂಘದವೂ ಉಚಿತ. ಎರಡನ್ನೂ ಇಟ್ಟುಕೊಂಡು ಹೋಲಿಸಿ. ಪಾಠಗಳಲ್ಲಿ ಬರುವ ನದಿ, ಕೋಟೆ, ಬೆಳೆಗಳು ಬಾಲಭಾರತಿಯಲ್ಲಿ ನಿಮ್ಮ ಸುತ್ತಲಿನವು, ಕರ್ನಾಟಕದ ಪುಸ್ತಕದಲ್ಲಿ ಅಜ್ಜಿಯ ಊರಿನವು. ಮಗುವಿಗೆ ಎರಡೂ ಬೇಕು. ಹಳೆಯ ಪುಸ್ತಕ, ಅಟ್ಲಾಸು, ನಿಘಂಟುಗಳಿಗೆ ಪುಣೆಯ ಪುಸ್ತಕದಂಗಡಿಗಳ ಅಪ್ಪಾ ಬಳವಂತ ಚೌಕ ಇದೆ. ವಿಜ್ಞಾನದ ಕೈಕೆಲಸಕ್ಕೆ, ಇಲ್ಲಿನ ಖಗೋಳ ಸಂಶೋಧನಾ ಸಂಸ್ಥೆ ಅಯೂಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ದುಡಿದ ಅರವಿಂದ ಗುಪ್ತಾ ಅವರ ಆಟಿಕೆಗಳು ಸಾಕು: ಸೈಕಲ್ ವಾಲ್ವ್ ಟ್ಯೂಬನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಮದ್ದು ಕೆರೆದ ಬೆಂಕಿಕಡ್ಡಿಗಳನ್ನು ಅದರಲ್ಲಿ ಸಿಕ್ಕಿಸಿ ಚೌಕ ಮಾಡಿದರೆ ಓಲಾಡುತ್ತದೆ, ತ್ರಿಕೋನ ಮಾಡಿದರೆ ಬಿಗಿಯಾಗಿ ನಿಲ್ಲುತ್ತದೆ. ಸೇತುವೆಗಳಲ್ಲಿ ತ್ರಿಕೋನ ಯಾಕೆ ಎಂಬುದು ಅಲ್ಲೇ ತಿಳಿಯುತ್ತದೆ.

ದಿನಚರಿಯಲ್ಲಿ ಆಗುವ ತಪ್ಪು ಒಂದೇ: ಶಾಲೆಯನ್ನು ಮನೆಗೆ ತಂದು ಕೂರಿಸುವುದು. ಶಾಲೆ ಬಿಟ್ಟು ಬಂದ ಮಗುವಿಗೆ ಮೊದಲು ಬಿಡುವು ಬೇಕು. ಶಾಲೆಯಲ್ಲಿ ಕಳೆದ ಪ್ರತಿ ವರ್ಷಕ್ಕೆ ಒಂದು ತಿಂಗಳು ಎನ್ನುವುದು ಮನೆಶಾಲೆಯವರ ರೂಢಿಯ ಲೆಕ್ಕ. ಆಮೇಲೂ ಆರೇಳು ವರ್ಷದವರಿಗೆ ಕೂತು ಮಾಡುವ ಕೆಲಸ ಒಂದೂವರೆ ಗಂಟೆ, ಹತ್ತರ ಆಸುಪಾಸಿನವರಿಗೆ ಎರಡೂವರೆ, ಹನ್ನೆರಡು ದಾಟಿದವರಿಗೆ ಮೂರರಿಂದ ನಾಲ್ಕು ಗಂಟೆ ಸಾಕು. ನಲವತ್ತು ಮಕ್ಕಳ ಹಾಜರಿ, ಸಾಲು, ಕಾಯುವಿಕೆ ಯಾವುದೂ ಇಲ್ಲಿ ಇಲ್ಲವಲ್ಲ. ಗೆಳೆಯರ ಮಾತಿಗೆ ಬಂದರೆ, ವಸತಿ ಸೊಸೈಟಿಯ ಮಕ್ಕಳು ಶಾಲೆಯಿಂದ ಬರುವ ಸಂಜೆಯ ಹೊತ್ತನ್ನು ಪಾಠಕ್ಕೆ ಎಂದೂ ತೆಗೆದುಕೊಳ್ಳಬೇಡಿ. ತಂದೆತಾಯಿ ಇಬ್ಬರೂ ಐಟಿ ಕಂಪನಿಗಳ ಹಿಂಜವಡಿಗೆ ನೌಕರಿಗೆ ಹೋಗುವ ಮನೆಯಲ್ಲಿ, ಹಗಲು ಒಬ್ಬ ಹಿರಿಯರು ಇಲ್ಲದೆ ಇದಕ್ಕೆ ಕೈಹಾಕುವುದನ್ನು ನಾನು ಒಪ್ಪುವುದಿಲ್ಲ. ಆ ಮಗುವಿನ ಪಾಲಿಗೆ ಉಳಿಯುವುದು ಮೊಬೈಲ್ ಮಾತ್ರ.

ಪರೀಕ್ಷೆಯ ದಾರಿಗಳು ಮೂರು. ಮಹಾರಾಷ್ಟ್ರದಲ್ಲಿ ಎಲ್ಲರ ಬಾಯಲ್ಲಿರುವ ‘17 ನಂಬರ್ ಫಾರ್ಮ್’ ತುಂಬಿ ಖಾಸಗಿಯಾಗಿ ಹತ್ತನೆಯದಕ್ಕೆ ಕೂರಬಹುದು, ಇದಕ್ಕೆ ಎಲ್.ಸಿ. ಕೇಳುತ್ತಾರೆ, ಶಾಲೆಯನ್ನೇ ಕಾಣದ ಮಗುವಿಗೆ ಕಷ್ಟ. ರಾಜ್ಯದ್ದೇ ಮುಕ್ತ ವಿದ್ಯಾಲಯ ಮಂಡಳಿಯಲ್ಲಿ 5, 8, 10, 12ನೇ ಹಂತಗಳಿವೆ. ಮೂರನೆಯದು ಎನ್‌ಐಓಎಸ್, ಅಂದರೆ ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ; ಹೊರನಾಡಿನವರಿಗೆ ನನ್ನ ಮತ ಇದಕ್ಕೇ. ಕುಟುಂಬ ಪುಣೆಯಿಂದ ಬೆಳಗಾವಿಗೋ ಬೆಂಗಳೂರಿಗೋ ಹೋದರೂ ಮಂಡಳಿ ಬದಲಾಗುವುದಿಲ್ಲ, ಮತ್ತು ಕನ್ನಡವನ್ನು ಒಂದು ಭಾಷೆಯಾಗಿ ಆಯ್ದುಕೊಳ್ಳಬಹುದು. ಸೆಕೆಂಡರಿಗೆ, ಅಂದರೆ ಹತ್ತನೆಯದಕ್ಕೆ, ವಯಸ್ಸು ಕನಿಷ್ಠ 14 ವರ್ಷ. ಐದು ವಿಷಯ, ಅದರಲ್ಲಿ ಭಾಷೆ ಒಂದು ಅಥವಾ ಎರಡು. ಪರೀಕ್ಷೆ ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ. ಐದು ವರ್ಷದಲ್ಲಿ ಒಂಬತ್ತು ಅವಕಾಶ ಇರುವುದರಿಂದ ಮೊದಲ ಸಲ ಎರಡೇ ವಿಷಯ ಬರೆಸಿ. ಅಧ್ಯಯನ ಕೇಂದ್ರಕ್ಕೆ ಕೊಡಬೇಕಾದ ಟಿಎಂಎ, ಅಂದರೆ ಮನೆಯಲ್ಲಿ ಬರೆದ ಉತ್ತರಗಳಿಗೆ, ಶೇ. 20 ಅಂಕ. ಅದರ ತಾರೀಖು ಮರೆಯುವುದೇ ಇಲ್ಲಿ ಆಗುವ ದೊಡ್ಡ ನಷ್ಟ. ವಿಜ್ಞಾನದ ಪ್ರಯೋಗಕ್ಕೆ ಮಗು ಆ ಕೇಂದ್ರಕ್ಕೇ ಹೋಗಬೇಕಾದ್ದರಿಂದ ಮನೆಗೆ ಹತ್ತಿರದ್ದನ್ನು, ಪ್ರಯೋಗಶಾಲೆಯನ್ನು ಕಣ್ಣಾರೆ ನೋಡಿ, ಆರಿಸಿ.

ಎಲ್.ಸಿ.ಯ ಮಾತೃಭಾಷೆ ಕಾಲಂ ಬಗ್ಗೆ ಹೇಳಿದ್ದು ಇದಕ್ಕೆ: ಕರ್ನಾಟಕದ ವೃತ್ತಿ ಕೋರ್ಸುಗಳ ಪ್ರವೇಶದಲ್ಲಿ ಹೊರನಾಡ ಮತ್ತು ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಇದೆ, ಅದನ್ನು ಕೇಳುವವರು ಪರೀಕ್ಷಾ ಪ್ರಾಧಿಕಾರದ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಅದಕ್ಕೆ ಮನೆಯಲ್ಲಿ ಆಡುವ ಕನ್ನಡ ಸಾಲದು, ಓದಿ ಬರೆಯುವ ಕನ್ನಡ ಬೇಕು. ರ, ಗ, ಸ, ದ, ಅ ಕಾರ್ಡುಗಳನ್ನು ಆರನೇ ವಯಸ್ಸಿನಲ್ಲೇ ಕತ್ತರಿಸಿಡಿ.