ಚಿಕ್ಕಪ್ಪ ಟ್ಯಾಂಕ್ ಓಡಿಸಿರಲಿಲ್ಲ ಸ್ವಾಮಿ

ಚಿಕ್ಕಪ್ಪನ ತಿಥಿ ಮುಗಿಸಿಕೊಂಡು ಈಗಷ್ಟೇ ಊರಿಂದ ಬಂದೆ. ಮೈಯೆಲ್ಲ ಉರಿಯುತ್ತಿದೆ. ಉದ್ದ ಬರಹ, ಬೇಡದವರು ಮುಂದಕ್ಕೆ ಹೋಗಿ.

ಮನೆ ಮುಂದೆ ಒಂದು ಫ್ಲೆಕ್ಸ್. ಮೂಲೆಯಲ್ಲಿ ಚಿಕ್ಕಪ್ಪನ ಸಣ್ಣ ಫೋಟೊ, ಸುತ್ತ ಕೈಮುಗಿದು ನಿಂತ ಊರ ಮುಖಂಡರ ದೊಡ್ಡ ದೊಡ್ಡ ಮುಖ. ಹಿಂದೆ ರಫೇಲ್ ಹಾರುತ್ತಿದೆ! 1971ರ ಯುದ್ಧಕ್ಕೆ ಹೋಗಿದ್ದ ಮನುಷ್ಯನ ಹಿಂದೆ, 2020ರಲ್ಲಿ ಭಾರತಕ್ಕೆ ಬಂದ ವಿಮಾನ. ಇರಲಿ, ಅದನ್ನು ನುಂಗಿಕೊಂಡೆ.

ಆಮೇಲೆ ಮೈಕು. ಒಬ್ಬರು ಚಿಕ್ಕಪ್ಪ ಟ್ಯಾಂಕ್ ನುಗ್ಗಿಸಿದರು ಅಂದರು. ಚಿಕ್ಕಪ್ಪ ಎಂಇಜಿಯವರು ಸ್ವಾಮಿ, ಅಂದರೆ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರ್‌ನಲ್ಲಿ ತಯಾರಾದ ಮದ್ರಾಸ್ ಸ್ಯಾಪರ್, ಸೇನೆಗೆ ದಾರಿ, ಸೇತುವೆ ಮಾಡಿಕೊಡುವ ಸೈನಿಕ. ಪಾಕಿಸ್ತಾನದ ಶಕರ್‌ಗಢದ ಕಡೆ ಬಸಂತರ್ ನದಿ ದಾಟಲು ನಮ್ಮ ಟ್ಯಾಂಕುಗಳಿಗೆ ದಾರಿ ಬೇಕಿತ್ತು. ದಾರಿ ತುಂಬ ಶತ್ರುಗಳು ಮೈನ್, ಅಂದರೆ ನೆಲಬಾಂಬು, ಹೂತಿದ್ದರು. ಗುಂಡು ಬೀಳುತ್ತಿದ್ದ ರಾತ್ರಿಯಲ್ಲಿ ಅವನ್ನು ತೆಗೆದು ದಾರಿ ಮಾಡಿಕೊಟ್ಟವರು ಸ್ಯಾಪರ್‌ಗಳು. ಚಿಕ್ಕಪ್ಪ ಆ ಕಡೆ ಇದ್ದರು ಅನ್ನುವುದಷ್ಟೇ ನಮಗೆ ಗೊತ್ತು. ಕೇಳಿದರೆ, "ಚಳಿ ಜಾಸ್ತಿ ಇತ್ತು ಕಣೋ" ಅನ್ನುತ್ತಿದ್ದರು. ಅಷ್ಟೇ. ಅವರೇ ಹೇಳದ ಕತೆಯನ್ನು ಇವರು ಗಂಟೆಗಟ್ಟಲೆ ಹೇಳಿದರು.

ಹೇಳಬೇಕಾದ್ದು ಬೇರೆ ಇತ್ತು ಅಲ್ವಾ? ವರ್ಷಕ್ಕೆ ಸಿಗುವ 60 ದಿನದ ರಜೆಯನ್ನು ರಾಗಿ ಕಟಾವಿಗೆ ಹೊಂದಿಸಿಕೊಂಡು ಬರುತ್ತಿದ್ದರು. ಪಿಂಚಣಿ ಬಂದಮೇಲೆ ಬ್ಯಾಂಕಿನಲ್ಲಿ ಗಾರ್ಡ್ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದು, ಚಿಕ್ಕಮ್ಮ ಡೈರಿಗೆ ಹಾಲು ಹಾಕಲು ಹೋದಾಗ, ಇಬ್ಬರು ಹೆಣ್ಣುಮಕ್ಕಳನ್ನೂ ಜಗಲಿ ಮೇಲೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದರು. ಹರಳೆಣ್ಣೆ ಹಚ್ಚಿ, ಎರಡು ಜಡೆ, ಕೆಂಪು ರಿಬ್ಬನ್. ಬೈತಲೆ ಸ್ಕೇಲ್ ಇಟ್ಟು ಗೀಟು ಹಾಕಿದಷ್ಟು ನೇರ. ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ನಕ್ಕವರಲ್ಲಿ ಇವತ್ತಿನ ಭಾಷಣಕಾರರೂ ಇದ್ದರು, ನನಗೆ ಚೆನ್ನಾಗಿ ನೆನಪಿದೆ.

ಅದೇ ಭಾಷಣಕಾರರು ಆಮೇಲೆ ತಿಂಗಳು ತಿಂಗಳು ಚಿಕ್ಕಪ್ಪನ ಮನೆಗೆ ಬರುತ್ತಿದ್ದರು. ದೇಶಭಕ್ತಿಗಲ್ಲ. ಮಿಲಿಟರಿ ಕ್ಯಾಂಟೀನ್ ರಮ್ ಸಿಗುತ್ತಾ ಅಂತ.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ, ಹೇಳಿಬಿಡುತ್ತೇನೆ. ಅಪ್ಪ ಹಾಸಿಗೆ ಹಿಡಿದ ವರ್ಷ ನನ್ನ ಪಿಯುಸಿ ಫೀಸು ಕಟ್ಟಿದ್ದು ಚಿಕ್ಕಪ್ಪನ ಪಿಂಚಣಿ. ಇದು ನಮ್ಮ ಮನೆಯಲ್ಲೇ ಎಲ್ಲರಿಗೂ ಗೊತ್ತಿಲ್ಲ. ಯಾರಿಗೂ ಹೇಳಬೇಡ ಅಂದಿದ್ದರು. ಈಗ ಹೇಳಿದ್ದೇನೆ, ಬೈಯಲು ಅವರಿಲ್ಲ.

ತಮ್ಮನ ಹತ್ತಿರ ಇದನ್ನೆಲ್ಲ ಕೂಗಾಡಿದೆ. "ಊರ ಹುಡುಗರಿಗೆ ಸ್ಫೂರ್ತಿ ಬೇಡ್ವಾ ಅಣ್ಣ, ಯುದ್ಧದ ವಿಷಯ ಹೇಳಿದರೆ ತಪ್ಪೇನು?" ಅಂದ. ತಪ್ಪೇನಿಲ್ಲಪ್ಪ. ಆದರೆ ಟ್ಯಾಂಕು, ರಫೇಲು ಎಲ್ಲ ಸುಳ್ಳು. ಜಡೆ ನಿಜ. ಸ್ಫೂರ್ತಿ ಸುಳ್ಳಿನಿಂದಲೇ ಬರಬೇಕಾ?

ಕೊನೆಯ ದಿನಗಳಲ್ಲಿ ಚಿಕ್ಕಪ್ಪ ಹೊಡೆದಾಡಿದ್ದು ಒಂದು ಹೆಸರಿಗಾಗಿ. ಸರ್ವಿಸ್ ದಾಖಲೆಯಲ್ಲಿ ಚಿಕ್ಕಮ್ಮನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಗಂಡ ಹೋದಮೇಲೆ ಹೆಂಡತಿಗೆ ಬರುವ ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ಸಂಬಳದ ಶೇ. 30ರ ಲೆಕ್ಕದ್ದು. ಅದೂ ಹೆಸರು ಹೊಂದದೆ ನಿಂತರೆ? ಎಷ್ಟು ಹೆಂಗಸರು ಹೀಗೆ ಅಲೆದಿದ್ದನ್ನು ಅವರು ನೋಡಿದ್ದರು, ಅವರಿಗೆಲ್ಲ ಅರ್ಜಿ ಬರೆದುಕೊಟ್ಟಿದ್ದರು. ಅಫಿಡವಿಟ್ ಮಾಡಿಸಿ, ರೆಕಾರ್ಡ್ಸ್ ಆಫೀಸಿಗೆ ಮೇಲಿಂದ ಮೇಲೆ ಬರೆದು ಸರಿ ಮಾಡಿಸಿದರು. ತಿದ್ದಿದ ಕಾಗದ ಬಂದ ದಿನ ಅದರ ಜೆರಾಕ್ಸ್ ಮಾಡಿಸಿ, ಒಂದು ಪ್ರತಿ ಕಪ್ಪು ಟ್ರಂಕಿಗೆ, ಇನ್ನೊಂದು ಅಕ್ಕಿ ಡಬ್ಬದ ಹಿಂದೆ ಇಟ್ಟರು. ಚಿಕ್ಕಮ್ಮನ ಕೈಗೆ ಸಿಗುವ ಜಾಗ ಅದೇ ಅಂತ. "ನಾನು ಹೋದಮೇಲೆ ಇವಳು ಯಾರ ಕಾಲೂ ಹಿಡೀಬಾರದು" ಅಂದರು.

ಮೈಕಿನಲ್ಲಿ ಇದನ್ನು ಒಬ್ಬರೂ ಹೇಳಲಿಲ್ಲ. ಹೇಳಲು ಗೊತ್ತಿರಬೇಕಲ್ಲ!

ಭಾಷಣ ಮಾಡಿದ ಮಹನೀಯರಿಗೆ: ಚಿಕ್ಕಮ್ಮನ ಕುಟುಂಬ ಪಿಂಚಣಿ ಅರ್ಜಿಗೆ ಸಾಕ್ಷಿ ಸಹಿ ಬೇಕು. ಸೋಮವಾರ ಹತ್ತು ಗಂಟೆಗೆ ಬ್ಯಾಂಕಿನ ಹತ್ತಿರ ಬನ್ನಿ. ಆಧಾರ್ ಜೆರಾಕ್ಸ್ ತನ್ನಿ. ಶಾಲು ಬೇಡ.