ಹಳಿ ಗೋವಾದಲ್ಲಿ, ಗಳಿಕೆ ಬಳ್ಳಾರಿಯಲ್ಲಿ

ನಮ್ಮ ಹುಬ್ಬಳ್ಳಿ ಕಡೆ ಹೊಸ ರೈಲು ಮಾರ್ಗ ಬೇಕು ಅಂತ ಧರಣಿ ಕೂರುತ್ತಾರೆ. ನಾನಿರುವ ಗೋವಾದಲ್ಲಿ ಜೋಡಿ ಹಳಿ ಬೇಡ ಅಂತ 2020ರ ನವೆಂಬರ್‌ನಲ್ಲಿ ಚಾಂದೋರ್‌ನ ಜನ ನಡುರಾತ್ರಿ ಹಳಿ ಮೇಲೆ ಕೂತರು. "ರೈಲು ಬೇಡ ಅನ್ನೋರೂ ಇರ್ತಾರೇನಪಾ?" ಅಂತ ನಮ್ಮ ಮಾವ ಫೋನಿನಲ್ಲಿ ಕೇಳಿದ್ದರು.

ಇರ್ತಾರೆ. ಅದಕ್ಕೆ ಕಾರಣವೂ ಇದೆ.

ರೈಲಿನಿಂದ ಗಳಿಕೆ ಹೆಚ್ಚುತ್ತದೆ ಅನ್ನುವುದು ಸುಳ್ಳಲ್ಲ. ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ ಬ್ರಿಟಿಷರ ಕಾಲದ ಲೆಕ್ಕಪತ್ರ ಕೆದಕಿ ನೋಡಿದ್ದಾರೆ. ಹಳಿ ಬಂದ ಜಿಲ್ಲೆಯಲ್ಲಿ ಬೇಸಾಯದ ನಿಜ ಆದಾಯ ಸುಮಾರು ಶೇ 16ರಷ್ಟು ಏರಿತ್ತಂತೆ. ಎತ್ತಿನಗಾಡಿಯ ಬಾಡಿಗೆ ಉಳಿದರೆ ಸಾಕು, ರೈತ ತನ್ನ ನೆಲಕ್ಕೆ ಒಗ್ಗಿದ್ದನ್ನೇ ಬೆಳೆದು ಉಳಿದದ್ದನ್ನು ಕೊಂಡು ತರಬಹುದು.

ಗೋವಾಕ್ಕೆ ಈ ಭಾಗ್ಯ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಗೋವಾದ ಬಂದರು ಮುರಗಾವ್‌ನಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ವರೆಗಿನ ಹಳಿ 1888ರಲ್ಲೇ ಮುಗಿಯಿತು. ಕಂಪನಿ ಬ್ರಿಟಿಷರದ್ದು, ಗಳಿಕೆ ಸಾಲದಿದ್ದರೆ ಹಣ ಹೂಡಿದವರ ಬಡ್ಡಿ ತುಂಬಿಕೊಡುವ ಖಾತ್ರಿ ಪೋರ್ಚುಗೀಸ್ ಸರ್ಕಾರದ್ದು. ನಂಬಿದ್ದು ಘಟ್ಟದ ಮೇಲಿನ ನಮ್ಮ ಹತ್ತಿ, ಕಾಳುಗಳನ್ನು. ಪುಣೆ ಮೇಲೆ ಮುಂಬೈಗೂ ದಾರಿಯಾದ ಮೇಲೆ ಅಂದುಕೊಂಡಷ್ಟು ಸರಕು ಈ ಕಡೆ ಇಳಿಯಲಿಲ್ಲ. ಖಾತ್ರಿ ಹಣ ಮಾತ್ರ ವರ್ಷಾ ವರ್ಷಾ ಸರ್ಕಾರದ ತಲೆಗೆ. ಕಾರವಾರದ ಪಾಡು ಇನ್ನೂ ವಿಚಿತ್ರ. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸುವ ಆಸೆಗೆ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಹುಬ್ಬಳ್ಳಿಯ ಹಳಿ ಮಾತ್ರ ಅಲ್ಲಿಗೆ ಇಳಿಯಲೇ ಇಲ್ಲ.

ಈಗ ಮುರಗಾವ್ ಹಳಿಗೆ ಬಿಡುವಿಲ್ಲ. ಬಂದರಿನಲ್ಲಿ ಇಳಿದ ಕಲ್ಲಿದ್ದಲು ದೂಧಸಾಗರ ದಾಟಿ ಘಟ್ಟ ಹತ್ತಿ ಬಳ್ಳಾರಿ ಕಡೆಯ ಉಕ್ಕಿನ ಕುಲುಮೆಗೆ ಹೋಗುತ್ತದೆ. ಉಕ್ಕು, ಸಂಬಳ, ತೆರಿಗೆ ಎಲ್ಲ ಆ ಕಡೆ. ಬಂದರಿನ ಪಕ್ಕದ ಊರು ವಾಸ್ಕೋದ ಬಾಲ್ಕನಿಯಲ್ಲಿ ಗ್ರಿಲ್ ಮೇಲೆ ಬೆರಳಾಡಿಸಿದರೆ ಕರಿ ಪುಡಿ. ಬೆಳಿಗ್ಗೆ ಒರೆಸಿದ್ದು ಸಂಜೆಗೆ ಮತ್ತೆ ಹಾಗೇ. ಹಳಿ ಜೋಡಿಯಾದರೆ ಕಲ್ಲಿದ್ದಲೂ ಹೆಚ್ಚುತ್ತದೆ ಅನ್ನುವುದೇ ಚಾಂದೋರ್‌ನವರ ಭಯ. ದೇಶದ ಲೆಕ್ಕದಲ್ಲಿ ಇದೂ ಉತ್ಪಾದನೆ ಏರಿದ್ದೇ ಅಲ್ವಾ? ಇನ್ನು ಇಲ್ಲಿನ ಅಡುಗೆಮನೆಗೆ ಬೆಳಗಾವಿಯ ತರಕಾರಿ ಬರೋದು ಲಾರಿಯಲ್ಲಿ.

ನಮ್ಮವರು ರೈಲು ಯಾವಾಗ ಬರುತ್ತೆ ಅಂತ ಕೇಳುತ್ತಾರೆ. ಗೋವಾದವರು ಅದರಲ್ಲಿ ಏನು ತುಂಬ್ತೀರಿ ಅಂತ ಕೇಳುತ್ತಾರೆ. ಕೆಲವೊಮ್ಮೆ ಅತಿ ಮಾಡುತ್ತಾರೆ ನಿಜ, ಉಕ್ಕು ಅವರ ಮನೆಗೂ ಬೇಕು. ಆದರೂ ಅವರ ಪ್ರಶ್ನೆಯೇ ನನಗೆ ಸರಿ ಅನಿಸುತ್ತದೆ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತು ಬಂದಾಗ ಮಾವನಿಗೂ ಅದನ್ನೇ ಕೇಳಿದೆ: ಅದಿರಿಗೆ ಎಷ್ಟು ವ್ಯಾಗನ್, ಅಂಕೋಲಾದ ಮೀನಿಗೆ ಎಷ್ಟು? "ಮೊದ್ಲು ಹಳಿ ಬರ್ಲಿ ತಡೀಪಾ" ಅಂದರು.