ಸತ್ಯಾಂಶ: ಕಾರ್ಡ್ ಹಿಂದೆ ‘ಐಡಿ ಕೇಳಿ’ ಎಂದು ಬರೆದರೆ ಸಾಕೇ?

‘ಕ್ರೆಡಿಟ್ ಕಾರ್ಡ್ ಹಿಂದೆ ಸಹಿ ಹಾಕಬೇಡಿ, “ಐಡಿ ಕೇಳಿ” ಅಂತ ಬರೆಯಿರಿ. ಕಳೆದರೂ ಬೇರೆಯವರು ಬಳಸಲು ಆಗುವುದಿಲ್ಲ.’ ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವ ಸಂದೇಶ ಇದು. ನಿಜವಲ್ಲ.

ದೇವರಾಜ ಅರಸು ರಸ್ತೆಯ ಯಾವುದಾದರೂ ಬಟ್ಟೆ ಅಂಗಡಿಯ ಕೌಂಟರ್ ನೋಡಿ. ಕಾರ್ಡ್ ಮೆಷಿನ್‌ಗೆ ಹಾಕಿದರೆ ಅದು ಪಿನ್ ಕೇಳುತ್ತದೆ. ಎಷ್ಟೋ ಸಲ ಕಾರ್ಡ್ ಗಿರಾಕಿಯ ಕೈಯನ್ನೇ ಬಿಡುವುದಿಲ್ಲ. ಇನ್ನು ಕ್ಯಾಷಿಯರ್ ಅದರ ಹಿಂಬದಿ ಓದುವುದು ಯಾವಾಗ? ಹಬ್ಬದ ಸೀಸನ್‌ನಲ್ಲಂತೂ ಕೇಳಲೇಬೇಡಿ. ಸಹಿ ನೋಡಿ ದುಡ್ಡು ಪಡೆಯುತ್ತಿದ್ದ ಕಾಲದ ಸಲಹೆ ಅದು. ಅಮೆರಿಕದಲ್ಲೂ 2018ರ ಏಪ್ರಿಲ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ಸಹಿ ಕಡ್ಡಾಯ ಎನ್ನುವುದನ್ನು ಕೈಬಿಟ್ಟವು.

ನಿಜವಾದ ಅಪಾಯ ಬೇರೆ ಕಡೆ ಇದೆ. ಕಾರ್ಡನ್ನು ಮೆಷಿನ್‌ಗೆ ಹಾಕದೆ ಬರೀ ಟ್ಯಾಪ್ ಮಾಡಿದರೆ, ಅಂದರೆ ಮೆಷಿನ್‌ಗೆ ಮುಟ್ಟಿಸಿದರೆ, 5,000 ರೂಪಾಯಿವರೆಗೆ ಪಿನ್ ಬೇಕಿಲ್ಲ. 2021ರ ಜನವರಿ 1ಕ್ಕೆ ಮೊದಲು ಈ ಮಿತಿ 2,000 ಇತ್ತು. ಕಾರ್ಡ್ ಸಿಕ್ಕಿದವನು ಸುಮ್ನೆ ಟ್ಯಾಪ್ ಮಾಡಿ ಹೋಗಬಹುದು, ಅಲ್ವಾ? ಬೇಡವಾದರೆ ಬ್ಯಾಂಕ್ ಆ್ಯಪ್‌ನಲ್ಲಿ ಟ್ಯಾಪ್ ಆಫ್ ಮಾಡಿ, ಇಲ್ಲವೇ ಮಿತಿ ಇಳಿಸಿ. ಕಾರ್ಡ್ ಕಳೆದರೆ ತಕ್ಷಣ ಬ್ಲಾಕ್ ಮಾಡಿಸಿ. ಬ್ಯಾಂಕ್‌ಗೆ ತಿಳಿಸಿದ ಮೇಲೂ ದುಡ್ಡು ಹೋದರೆ, ರಿಸರ್ವ್ ಬ್ಯಾಂಕಿನ 2017ರ ನಿಯಮದ ಪ್ರಕಾರ ಆ ನಷ್ಟ ಬ್ಯಾಂಕಿನದು.